ಎಲೆ ಉದುರಿದ ತಿಂಗಳ ಚಿತ್ರ

ಧಾರವಾಡ,
೧೯ ಜನವರಿ ೨೦೨೫

ಪ್ರೀತಿಯ ಅವ್ವಾ,

ನಿನ್ನ ಸೊಂಟನೋವು ಹೇಗಿದೆ? ತಂಗಿ ಕಾವೇರಿಯ ಬಾಣಂತನದ ಗಡಿಬಿಡಿಯಲ್ಲಿ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆತಿರುತ್ತೀ, ಗೊತ್ತು. ಸೊಲ್ಲಾಪುರದ ಚಳಿಗೆ ಕೂಸಿನ ಕಿವಿ ಮುಚ್ಚಿರಲಿ. ನಾನು ಆರಾಮ ಎಂದು ಬರೆಯಬೇಕು. ಆದರೆ ಸಿಟ್ಟಿಗೆ ಊಟ ಸೇರುತ್ತಿಲ್ಲ. ಫೋನಿನಲ್ಲಿ ಹೇಳಹೋದರೆ ಅತ್ತುಬಿಡುತ್ತೇನೆ, ಅದಕ್ಕೇ ಈ ಪತ್ರ.

ಬಸಣ್ಣ ಮಾಮಾನ ಸರ್ವೇ ಕಂಪನಿಯ ಕೆಲಸಕ್ಕೆ ನಾನು ಬಾಗಲಕೋಟೆ ಕಡೆಯ ಒಣ ಕಂದರಕ್ಕೆ ಹೋಗಿಬಂದದ್ದು ನಿನಗೆ ಗೊತ್ತಲ್ಲ. ಅಲ್ಲಿ ಯಾರೋ ಕಲ್ಲು ತೆಗೆಯಬೇಕೆಂದಿದ್ದಾರೆ. ಅದಕ್ಕೂ ಮೊದಲು ಕಾಡು ಎಷ್ಟಿದೆ, ಮಣ್ಣು ಎಂಥದ್ದು ಎಂದು ಅಳೆದು ಸರಕಾರಕ್ಕೆ ವರದಿ ಕೊಡುವುದು ನಮ್ಮ ಪಾಲಿನ ಕೆಲಸ. ಬೇಸಿಗೆಯಲ್ಲಿ ಹೋದಾಗ ದಿಂಡಲ, ಕಮರದ ಗಿಡಗಳೆಲ್ಲ ಎಲೆ ಉದುರಿಸಿ ಕಟ್ಟಿಗೆಯ ಹಾಗೆ ನಿಂತಿದ್ದವು. ಮಳೆಗಾಲದಲ್ಲಿ ಮತ್ತೆ ಹೋದೆ. ಅವ್ವಾ, ಬಂಡೆಯ ಬಿರುಕು ಬಿರುಕಿನಿಂದಲೂ ಹಸಿರು ನುಗ್ಗಿತ್ತು. ಕೆಳಗೆ ಹಳ್ಳದ ದಂಡೆಗೆ ಎದೆಮಟ್ಟ ಹುಲ್ಲು. ಆಗ ನಾನು ಇಳಿದುಕೊಂಡದ್ದು ಆಡು ಮೇಯಿಸುವ ಮುತ್ತವ್ವನ ಮನೆಯಲ್ಲಿ. ದಿನಾ ರೊಟ್ಟಿ ಬಡಿದು ಹಾಕುತ್ತ, ನನ್ನ ಒಣಗಿದ ಮೋರೆ ನೋಡಿ ನಿನ್ನನ್ನು ಬೈಯುತ್ತಿದ್ದಳು.

ಮೊನ್ನೆ ಮುತ್ತವ್ವನ ಊರಿನ ಸಾಲೆಯಲ್ಲಿ ಕಲ್ಲು ತೆಗೆಯುವ ಬಗ್ಗೆ ಸಭೆ. ಅಧಿಕಾರಿ ನಮ್ಮ ವರದಿ ಓದಿದರು: ಕಾಡಿಲ್ಲ, ಪಾಳು ನೆಲ. ಬೇಸಿಗೆಯ ಚಿತ್ರಗಳಷ್ಟೇ ಅದರಲ್ಲಿದ್ದವು. ಮಳೆಗಾಲದ ಅಳತೆ ಒಂದೂ ಇಲ್ಲ. ಬರೆದವರ ಹೆಸರು ಮಾತ್ರ ನನ್ನದು! ಮುತ್ತವ್ವ ಎದ್ದು ನಿಂತು ನನ್ನನ್ನೇ ಕೇಳಿದಳು: "ನಮ್ಮ ಮನ್ಯಾಗ ಉಂಡು ಹಿಂಗ ಬರದಿಯೇನವ್ವಾ?"

ಮೈಯೆಲ್ಲ ಉರಿದುಹೋಯಿತು. ಮಾಮಾ ಪಕ್ಕದಲ್ಲೇ ಕೂತಿದ್ದರು, ಆದರೂ ಎದ್ದೆ. "ಇದು ನಾ ಬರದದ್ದಲ್ರಿ. ಮಳಿಗಾಲದ್ದೆಲ್ಲಾ ತಗದು ಹಾಕ್ಯಾರ" ಎಂದು ಫೋನಿನಲ್ಲಿದ್ದ ಚಿತ್ರಗಳನ್ನು ಅಧಿಕಾರಿಯ ಮುಂದೆ ಹಿಡಿದೆ. ಅವರು ಸಭೆ ನಿಲ್ಲಿಸಿ, ಮಳೆ ಬಿದ್ದ ಮೇಲೆ ಬೇರೆಯವರಿಂದ ಮತ್ತೆ ಅಳೆಯಿಸಬೇಕೆಂದು ಬರೆಸಿದರು.

ವಾಪಸು ಬರುವಾಗ ಕಾರಿನಲ್ಲಿ ಮಾಮಾ, "ಮನಿ ಹುಡುಗಿ ಅಂತ ಕೆಲಸ ಕೊಟ್ಟೆ. ಮಂದ್ಯಾಗ ನನ್ನ ಮಾನ ಕಳದಿ" ಎಂದರು.

"ಎಲಿ ಉದುರಿದ್ರ ಗಿಡ ಸತ್ತಂಗೇನ್ರಿ ಮಾಮಾ?" ಎಂದೆ.

ನಾಳೆಯಿಂದ ಬರಬೇಡ ಎಂದರು. ಹುಬ್ಬಳ್ಳಿಯಲ್ಲಿ ಇಳಿದು ಬಸ್ಸು ಹಿಡಿದೆ. ಕೆಲಸ ಹೋದದ್ದಕ್ಕೆ ನನಗೆ ಸಿಟ್ಟಿಲ್ಲ. ಬೇರೆ ಯಾರದಾದರೂ ಹೆಸರು ಹಾಕಿದ್ದರೆ ಅವರು ಮಾಮಾನ ಜೊತೆ ಜಗಳ ತೆಗೆಯುತ್ತಿದ್ದರು. ಅಕ್ಕನ ಮಗಳು ಬಾಯಿ ಬಿಡಲಾರಳು ಎಂದು ಎಣಿಸಿಯೇ ನನ್ನ ಹೆಸರು ಹಾಕಿದರಲ್ಲ, ಆ ಸಿಟ್ಟು ಇಳಿಯುತ್ತಿಲ್ಲ ಅವ್ವಾ.

ಕಾವೇರಿಗೆ ನೆನಪು ಹೇಳು, ಕೂಸಿಗೊಂದು ಮುದ್ದು. ನಿನ್ನ ಕಾಲು ಮುಟ್ಟಿ ನಮಸ್ಕಾರ.

ನಿನ್ನ
ಶಾಂಭವಿ

ತಾ.ಕ.: ಸಭೆಯಲ್ಲಿ ಆಡಿದ್ದು ತಪ್ಪಾಯಿತು ಎಂದು ನನ್ನಿಂದ ಬರೆಸಿಕೊಡು ಅಂತ ಕೇಳಲು ಮಾಮಾ ಬರುವ ವಾರ ನಿನ್ನ ಹತ್ತಿರ ಬರುತ್ತಾರಂತೆ. ತಮ್ಮನಲ್ಲವೇ, ಹೊಟ್ಟೆ ತುಂಬ ಊಟ ಹಾಕು. ನನ್ನ ಪರವಾಗಿ ಮಾತು ಮಾತ್ರ ಕೊಡಬೇಡ.