ನಿನ್ನ ಮುಖ ಹೊತ್ತು ಬಂದೆ, ಅಕ್ಕಾ

ಮಸರಕಲ್ ಹೊಲದ ಬದುವಿನಾಗ, ಬೇವಿನ ಗಿಡದ ಬುಡಕ್ಕ ಮಲಗಿರೋ ನೀಲಮ್ಮಕ್ಕಗ,

ನಿನ್ನ ಏನಂತ ಕರೀಬೇಕೋ ತಿಳೀವಲ್ದು. ಹುಟ್ಟಿದ ಲೆಕ್ಕಕ್ಕ ನೀ ಅಕ್ಕ. ಆದ್ರ ನೀ ಹೋದಾಗ ನಿನಗ ಇನ್ನಾ ಹಾಲುಹಲ್ಲು ಬಿದ್ದಿದ್ದಿಲ್ಲಂತ. ನನಗ ನೋಡಿದ್ರ ತಲಿಯಾಗ ಬಿಳಿಕೂದಲ ಬಂದಾವ, ಬಣ್ಣ ಹಚ್ಚಿ ಮುಚ್ಚೀನಿ. ಇರಲಿ, ಅಕ್ಕ ಅಂತನೇ ಅಂತೀನಿ, ಸಿಟ್ಟಾಗಬ್ಯಾಡ. ನಾವಿಬ್ಬರೂ ಒಬ್ಬರನೊಬ್ಬರು ನೋಡಿಲ್ಲ, ನೀ ಹೋಗಿ ಎಷ್ಟೋ ವರ್ಷ ಆದ ಮ್ಯಾಲ ನಾ ಹುಟ್ಟೀನಿ. ಆದ್ರೂ ನಿನಗ ಬರೀಲಾರದೇ ಗತಿ ಇಲ್ಲ. ಅವ್ವ ನನ್ನ ಕೈಯಾಗಿನ ರೊಟ್ಟಿ ಮುಟ್ಟವಲ್ಲಳು. ನಾ ನೀನಂತ ತಿಳಕೊಂಡಾಳ. ಸತ್ತಾಕಿ ಕೈಯಾಗಿನ ಕೂಳು ನನಗ ಬ್ಯಾಡ ಅಂತ ಗ್ವಾಡಿ ಕಡಿ ಮಾರಿ ತಿರುವಿ ಕುಂದರತಾಳ. ಬಾಜು ಮನಿ ಬಿಸ್ಮಿಲ್ಲಾ ಬೀ ಕುಡಿಸಿದ ಗಂಜಿ ಒಂದೆರಡು ಗುಟುಕು ಹೊಟ್ಟಿಗಿ ಹೊಂಟದ, ಅಷ್ಟ. ಹಿಂಗಾದ್ರ ಅವ್ವ ಉಳಿಯಂಗಿಲ್ಲ.

ವಯಸ್ಸಾತು, ಅರಳುಮರಳು ಅಂತ ಓಣಿ ಮಂದಿ ಅಂತಾರ. ಸುಳ್ಳು. ಉಳ್ಳಾಗಡ್ಡಿ ತೂಕದಾಗ ಮೋಸ ಮಾಡಿದವನ್ನ ಹೆಸರು ಹಿಡಿದು ಇವತ್ತಿಗೂ ಬೈತಾಳ. ಕಣ್ಣು ಮಬ್ಬಾಗ್ಯಾವ, ಬುದ್ಧಿ ಆಗಿಲ್ಲ.

ಏನಾತು ಅಂತ ಮೊದಲಿಂದ ಹೇಳತೀನಿ. ನೀ ಜ್ವರ ಬಂದು ಹೋದ ಮ್ಯಾಲ ಅವ್ವಗ ಒಂದು ಗಂಡು ಹುಟ್ಟಿತು, ತೊಟ್ಟಿಲದಾಗೇ ಹೋತು. ಮತ್ತೊಂದು ಹುಟ್ಟಿತು, ಅದೂ ಹೋತು. ಊರ ಹಿರಿಯರು ಎಲ್ಲಾ ನಿನ್ನ ತಲಿಗಿ ಕಟ್ಟಿದರು. ‘ನೀಲಾ ಒಬ್ಬಾಕೇ ಇದ್ದಾಳ, ಆಟಕ್ಕ ಜೊತಿ ಬೇಕಾಗ್ಯದ, ಬಂದು ಕರ್ಕೊಂಡು ಹೊಂಟಾಳ’ ಅಂದರು. ಆಮ್ಯಾಲ ನಾ ಹುಟ್ಟಿದೆ. ನಿನ್ನದೇ ಮುಖ ಅಂತ, ಅದೇ ಮೂಗು, ಅದೇ ಗಲ್ಲದ ಕುಳಿ. ಸೂಲಗಿತ್ತಿ ಮುದುಕಮ್ಮ ನನ್ನ ಒಯ್ದು ತಿಪ್ಪಿ ಮ್ಯಾಲ ಹೊರಳಾಡಿಸಿ, ಬಾಗಿಲಿಗಿ ತಂದು, ‘ಯಾರದೋ ಕೂಸು ಬಿದ್ದಿತ್ತು, ತಗೋತೀರೇನ್ರಿ’ ಅಂದಳಂತ. ಅವ್ವ ಕೇರೋ ಮರದಾಗ ಒಂದು ಮರ ಜ್ವಾಳ ಅಳದು ಕೊಟ್ಟು ತನ್ನ ಕೂಸು ತಾನೇ ಕೊಂಡಳು. ತಿಪ್ಪಮ್ಮ ಅಂತ ಹೆಸರಿಟ್ಟಳು. ಅಷ್ಟಕ್ಕ ಸುಮ್ಮನಾಗಲಿಲ್ಲ. ಅರಿಷಿಣ ಕೊಂಬು ಕೆಂಡದಾಗ ಕಾಸಿ ನನ್ನ ಬಲಗೆನ್ನಿ ಮ್ಯಾಲ ಬರಿ ಎಳದಳು, ಕಣ್ಣಿನ ಕೆಳಗಿಂದ ಗಲ್ಲದ ತನಕ. ಮುದುಕಮ್ಮ ಅಲ್ಲ, ಅವ್ವನೇ, ತನ್ನ ಕೈಯಾರೆ. ನೀ ಹುಡುಕ್ಯೋತ ಬಂದ್ರ ನಿನಗ ನನ್ನ ಗುರುತು ಹತ್ತಬಾರದು ಅಂತ. ನಿನಗ ಮೋಸ ಮಾಡಾಕ ನನ್ನ ಮುಖ ಸುಟ್ಟರು ಅಕ್ಕಾ.

ದಿನಾ ಮುಂಜಾನಿ ಚಾ ಕೊಡೋಮುಂದ ಅವ್ವ ಹೆಬ್ಬೆರಳಿಂದ ಆ ಬರಿ ಸವರತಿದ್ದಳು. ಒಂದೇ ಸಲ ಸವರಿ ಕೈ ತೆಗೀತಿದ್ದಳು, ಮಾತಿಲ್ಲ ಕತಿ ಇಲ್ಲ. ನನಗ ಮೈ ಉರೀತಿತ್ತು. ತನ್ನ ಕೈಗೆಲಸ ನೆಟ್ಟಗ ಅದನೋ ಇಲ್ಲೋ ನೋಡತಾಳ ಅಂತ ತಿಳಕೊಂಡಿದ್ದೆ. ಜಗಲಿ ಮ್ಯಾಲ ನಿನ್ನ ಫೋಟೋ, ದೇವದುರ್ಗದ ಸ್ಟುಡಿಯೋದಾಗ ತೆಗೆಸಿದ್ದು, ರಿಬ್ಬನ್ ಜಡಿ, ಕೈಯಾಗ ಪ್ಲಾಸ್ಟಿಕ್ ಗೊಂಬಿ. ಅದಕ್ಕ ದಿನಾ ವಿಭೂತಿ, ದಿನಾ ಹೂವು. ಹೋದಾಕಿಗಿ ಹೂವು, ಉಳದಾಕಿಗಿ ಬರಿ ಅಂತ ನಿನ್ನ ಮ್ಯಾಲ ಹೊಟ್ಟಿಕಿಚ್ಚು ಪಟ್ಟೀನಿ. ಸತ್ತವರ ಮ್ಯಾಲ ಹೊಟ್ಟಿಕಿಚ್ಚು ಪಡೋ ಹುಚ್ಚಿ ನನ್ನ ಬಿಟ್ರ ಇನ್ನೊಬ್ಬಾಕಿ ಇರಲಿಕ್ಕಿಲ್ಲ.

ದೊಡ್ಡಾಕಿ ಆಗಿ ಅವ್ವನ್ನ ಕರ್ಕೊಂಡು ರಾಯಚೂರಿಗಿ ಬಂದು ಬ್ಯೂಟಿ ಪಾರ್ಲರ್ ಹಾಕಿದೆ. ನಗಬ್ಯಾಡ. ಬೋರ್ಡಿನ ಮ್ಯಾಲ ತನ್ವಿ ಅಂತ ಬರಸೀನಿ, ತಿಪ್ಪಮ್ಮ ಬ್ಯೂಟಿ ಪಾರ್ಲರ್ ಅಂದ್ರ ಯಾವ ಹುಡುಗಿ ಮೆಟ್ಟಿಲ ಹತ್ತತಾಳ ಹೇಳು. ಮೊಡವಿ ಗುಂಡಿ, ಹುಟ್ಟುಮಚ್ಚಿ, ಸುಟ್ಟ ಕಲಿ, ಮಂದಿ ಮುಖದಾಗ ಏನಿದ್ರೂ ಕಾಣಲಾರದಂಗ ಮುಚ್ಚೋದ್ರಾಗ ನನ್ನ ಮೀರಸೋರಿಲ್ಲ. ನನ್ನ ಬರಿ ಒಂದು ಬಿಟ್ಟು. ಅದು ಎಷ್ಟು ಬಳದ್ರೂ ಹೊತ್ತೇರೋದ್ರಾಗ ಎದ್ದು ಕಾಣತಿತ್ತು. ಹೋದ ವರ್ಷ ಶಕ್ತಿನಗರದಾಗ ಒಂದು ಮದಿವಿ. ಮದುಮಗಳನ್ನ ಅಷ್ಟು ಚಂದ ಸಿಂಗಾರ ಮಾಡಿ ಹಣಿಗಿ ಬಿಂದಿ ಇಡಾಕ ಬೆರಳು ಎತ್ತೀನಿ, ಮಾನ್ವಿಯಿಂದ ಬಂದಿದ್ದ ಬೀಗತಿ ನನ್ನ ಕೈ ಹಿಡಿದಳು. ‘ಏ ಯವ್ವಾ, ನೀ ಆಚಿ ಸರಿ. ನಿನ್ನ ಕೆಲಸದ ಹುಡುಗಿ ಇಡಲಿ. ಒಳ್ಳೆ ಕಾರ್ಯದಾಗ ಈ ಮಾರಿ ಯಾಕ ಮುಂದ’ ಅಂದಳು. ಬಿಂದಿ ನನ್ನ ಬೆರಳಿಗೇ ಅಂಟಿಕೊಂಡಿತ್ತು, ಹಂಗೇ ಮನಿಗಿ ಬಂದೆ.

ಅವತ್ತೇ ಠರಾವು ಮಾಡಿದೆ. ಫೋನಿನಾಗ ಹುಡುಕಿ ಹುಡುಕಿ ಬ್ಯಾಂಕಾಕಿನ ಒಂದು ದವಾಖಾನಿ ಹಿಡಿದೆ. ಅವ್ವಗ ಹೈದರಾಬಾದಿನಾಗ ಟ್ರೇನಿಂಗ್ ಅದ ಅಂತ ಹೇಳಿ ವಿಮಾನ ಹತ್ತಿದೆ. ಖರೇ ಹೇಳಿದ್ರ ಬಿಡತಿದ್ದಿಲ್ಲ.

ಅಲ್ಲಿ ಡಾಕ್ಟರು ಒಂದು ಮಾತು ಕೇಳಿದರು, ಸುಡೋಕಿಂತ ಮೊದಲಿನ ಫೋಟೋ ಅದನೇನು ಅಂತ. ಬಾಣಂತಿ ಕೋಣ್ಯಾಗ ಸುಟ್ಟ ಮುಖಕ್ಕ ಮೊದಲಿನ ಫೋಟೋ ಎಲ್ಲಿಂದ ತರಲಿ? ನನ್ನ ಫೋನಿನಾಗ ನಿನ್ನ ಫೋಟೋ ಇತ್ತು. ತೋರಿಸಿದೆ. ‘ಇದು ನೀವೇನಾ?’ ಅಂದರು. ಹೌದು, ನಾನೇ ಅಂದೆ. ಎಷ್ಟು ಸಣ್ಣ ಮಾತು ನೋಡಕ್ಕಾ. ಬಾಯಿಂದ ಬೀಳೋದ್ರಾಗ ಹಿಂದ ಯಾರೋ ಬಾಗಿಲ ತೆರದಂಗ ಹೆಗಲಿಗಿ ತಣ್ಣಗ ಗಾಳಿ ಹತ್ತಿತು. ಏಸಿ ಇರಬೇಕಂತ ಸೆರಗು ಹೊದ್ದುಕೊಂಡೆ.

ಕಿವಿ ಹಿಂದಿನ ಚರ್ಮ ತೆಗೆದು ಕೆನ್ನಿಗಿ ಕೂಡಿಸಿದರು. ಆಮ್ಯಾಲ ಸುಧಾರಿಸಿಕೊಳ್ಳಾಕ ದವಾಖಾನಿ ಬಾಜೂಕಿನ ಒಂದು ಗೆಸ್ಟ್‌ಹೌಸಿನಾಗ ಇಟ್ಟರು. ಕೋಣ್ಯಾಗ ಕನ್ನಡಿ ಇದ್ದಿಲ್ಲ. ಬಾತುಕೊಂಡ ಮುಖ ನೋಡಿ ಮಂದಿ ಹೆದರತಾರಂತ ಬಿಚ್ಚಿ ಇಟ್ಟಿದ್ದರು, ಗ್ವಾಡಿ ಮ್ಯಾಲ ಮೊಳಿ ಅಷ್ಟ ಉಳಿದಿದ್ದವು. ವರಾಂಡದಾಗ ಅಡ್ಡಾಡೋರೆಲ್ಲ ಮುಖಕ್ಕ ಪಟ್ಟಿ ಸುತ್ತಿಕೊಂಡೋರು. ಯಾವ ದೇಶದವರೋ, ಏನು ವಯಸ್ಸೋ, ಬರೇ ಕಣ್ಣು. ಮಧ್ಯಾಹ್ನ ಎಲ್ಲರೂ ಮಲಗಿದ ಹೊತ್ತಿನಾಗ ವರಾಂಡದಾಗ ಸಣ್ಣ ಪಾದ ಓಡೋ ಸಪ್ಪಳ ಬರತಿತ್ತು. ಬರಿಗಾಲು. ಓಡಿ ಬಂದು ನನ್ನ ಬಾಗಿಲ ಮುಂದ ನಿಲ್ಲತಿತ್ತು. ಯಾರೋ ಕೆಲಸದವರ ಕೂಸು ಅಂದುಕೊಂಡೆ.

ಊಟ ತರೋ ಹೆಂಗಸು ತನ್ನ ಭಾಷೆಯಾಗ ಮಾತಾಡಿದ್ರ ಆಕಿ ಫೋನು ಅದನ್ನ ಕನ್ನಡ ಮಾಡಿ ಹೇಳತಿತ್ತು, ರೇಡಿಯೋ ವಾರ್ತೆಯ ಕನ್ನಡ. ಒಂದಿನ ಎರಡು ಬಟ್ಟಲ ಗಂಜಿ ತಂದಳು, ಒಂದು ದೊಡ್ಡದು, ಒಂದು ಸಣ್ಣದು. ಯಾಕ ಅಂತ ಕೈ ಮಾಡಿ ಕೇಳಿದೆ. ‘ಚಿಕ್ಕದರಲ್ಲಿ ಖಾರ ಹಾಕಿಲ್ಲ. ಮಗು ತಿನ್ನಬಹುದು’ ಅಂತು ಫೋನು. ಯಾವ ಮಗು ಅಂದೆ. ಆಕಿ ನನ್ನ ಮಂಚದ ಕಾಲ್ದೆಸಿ ಕಡಿ ನೋಡಿ ನಕ್ಕಳು, ಕೂಸಿಗಿ ನಗೋ ನಗಿ. ನಾ ಆ ಕಡಿ ತಿರುಗಲಿಲ್ಲ. ಪಟ್ಟಿ ಕಟ್ಯಾರ, ಕುತ್ತಿಗಿ ತಿರುಗಂಗಿಲ್ಲ ಅಂತ ನನಗ ನಾನೇ ಹೇಳಿಕೊಂಡೆ. ತಿರುಗತಿತ್ತು ಅಕ್ಕಾ.

ಗೆಸ್ಟ್‌ಹೌಸಿನ ಅಂಗಳದಾಗ ಒಂದು ಕಂಬದ ಮ್ಯಾಲ ಸಣ್ಣ ಮನಿ ಇತ್ತು, ಗೊಂಬಿ ಮನಿಯಷ್ಟು. ಮುಂದ ಹೂವಿನ ಹಾರ, ಆಟಿಗಿ ಸಾಮಾನು, ಕೆಂಪು ಶರಬತ್ತಿನ ಬಾಟ್ಲಿ. ಕುಡಿಯಾಕ ಕೊಳವಿ ಸೈತ ಹಾಕಿಟ್ಟಿದ್ದರು. ಯಾರಿಗಿ ಅಂತ ಕೇಳಿದ್ದಕ್ಕ ಫೋನು, ‘ಕಾಣದವರಿಗೂ ಒಂದು ಮನೆ ಕೊಡಬೇಕು, ಇಲ್ಲದಿದ್ದರೆ ಅವರು ನಮ್ಮ ಮನೆಗೆ ಬರುತ್ತಾರೆ’ ಅಂತು. ಇವರು ಮನಿ ಕಟ್ಟಿ ಕೊಡತಾರ. ನಮ್ಮವರು ನಿನಗ ಹೆದರಿ ಕೂಸಿನ ಮಾರಿ ಸುಟ್ಟರು. ಇಷ್ಟು ವರ್ಷದಾಗ ನಿನಗ ಒಂದು ಗುಟುಕು ಶರಬತ್ತು ಇಟ್ಟೋರಿಲ್ಲ, ಪಾಪ.

ಪಟ್ಟಿ ಬಿಚ್ಚಿ ಕನ್ನಡಿ ಕೊಟ್ಟರು. ಅದರಾಗ ನೀ ಇದ್ದಿ. ಬದುಕಿ ಬೆಳದಿದ್ರ ಹ್ಯಾಂಗ ಇರತಿದ್ದಿಯೋ ಹಂಗ. ನಾ ನಕ್ಕೆ, ಕನ್ನಡಿಯಾಗಿನಾಕಿ ಸ್ವಲ್ಪ ತಡದು ನಕ್ಕಳು. ಬಾವು ಇನ್ನಾ ಇಳಿದಿಲ್ಲ, ಅದಕ್ಕ ಹಂಗ ಅನಸತದ ಅಂದರು. ಖುಷಿಯಾಗಿದ್ದೆ, ನಂಬಿದೆ.

ಮನಿಗಿ ಬಂದಾಗ ಅವ್ವ ಪಡಸಾಲಿಯಾಗ ಜ್ವಾಳ ಹಸನ ಮಾಡಾಕತ್ತಿದ್ದಳು. ಯವ್ವಾ ಅಂದೆ. ತಲಿ ಎತ್ತಿದಳು. ಕೈಯಾಗಿನ ಮರ ಜಾರಿ ಜ್ವಾಳ ಎಲ್ಲಾ ಚೆಲ್ಲಾಪಿಲ್ಲಿ. ಎದ್ದು ಬಂದು ಹೆಬ್ಬೆರಳು ನನ್ನ ಕೆನ್ನಿಗಿ ಇಟ್ಟಳು. ಹುಡುಕಿದಳು. ಮ್ಯಾಲಿಂದ ಕೆಳಗ, ಕೆಳಗಿಂದ ಮ್ಯಾಲ. ಏನೂ ಸಿಗಲಿಲ್ಲ. ಥಟ್ಟನ ಕೈ ಹಿಂದ ಎಳಕೊಂಡು, ‘ನೀಲಾ, ಬಂದ್ಯಾ? ನನ್ನ ತಿಪ್ಪೀನ ಎಲ್ಲಿ ಒಯ್ದಿ?’ ಅಂದಳು.

ನಾನೇ ತಿಪ್ಪಿ, ಆಪರೇಷನ್ ಮಾಡಿಸಿಕೊಂಡೀನಿ, ನನ್ನ ದನಿ ಕೇಳು ಅಂದೆ. ‘ದನೀನೂ ಕಲತುಕೊಂಡು ಬಂದೀಯಲ್ಲೇ’ ಅಂದಳು. ಬಿಸ್ಮಿಲ್ಲಾ ಬೀ ಓಡಿ ಬಂದು, ‘ಅಮ್ಮಾ, ಇವಳು ನಮ್ಮ ತಿಪ್ಪಮ್ಮನೇ, ದವಾಖಾನಿದಾಗ ಖೂಬಸೂರತ್ ಮಾಡಿ ಕೊಟ್ಟಾರ’ ಅಂತ ಆಣಿ ಮಾಡಿ ಹೇಳಿದಳು. ‘ನಿನಗೂ ಹಂಗೇ ಕಾಣಸಾಕತ್ತಾಳೇನು ಆಕಿ’ ಅಂದಳು ಅವ್ವ. ಆಮ್ಯಾಲ ನನ್ನ ಕಾಲು ಹಿಡಕೊಂಡಳು ಅಕ್ಕಾ. ಹೆತ್ತಾಕಿ, ನನ್ನ ಕಾಲು. ‘ನೀಲಾ, ನನ್ನ ಬಂಗಾರ, ಎರಡು ಗಂಡು ಒಯ್ದಿ, ನಾ ನಿನಗ ಏನಾರ ಅಂದೆನೇನು? ತಿಪ್ಪಿ ಒಬ್ಬಾಕಿನ್ನ ಬಿಡು. ಆಕಿ ಉಳೀಲಿ ಅಂತ ಇದೇ ಕೈಲೆ ಆಕಿ ಮಾರಿ ಸುಟ್ಟೀನಿ. ದಿನಾ ಮುಂಜಾನಿ ಮುಟ್ಟಿ ನೋಡತಿದ್ದೆ. ಬರಿ ಕೈಗಿ ಹತ್ತಿತಂದ್ರ, ಇವತ್ತೊಂದಿನ ಆಕಿ ನನ್ನಾಕೇ ಅಂತ ಜೀವ ತಣ್ಣಗಾಗತಿತ್ತು. ತಿಪ್ಪಿ ಇಲ್ಲದ ಮನಿಯಾಗ ನನಗ ಕೂಳ್ಯಾಕ?’

ಈ ಮಾತಿಗಿ ನಾ ಹುಟ್ಟಿದಾಗಿಂದ ಕಾದಿದ್ದೆ. ಕೇಳಿದಾಗ ನಾ ನಾನಾಗಿ ಇದ್ದಿಲ್ಲ, ನೀನಾಗಿ ಇದ್ದೆ. ಗೋಳೋ ಅಂತ ಅತ್ತೆ. ಸತ್ತಾಕಿ ಅಳೋದು ನೋಡಿ ಅವ್ವ ಇನ್ನೂ ಹೆದರಿದಳು.

ಅದಕ್ಕ ನಿನ್ನ ಕೇಳಾಕತ್ತೀನಿ. ನಿನ್ನ ಹೆಸರು ಹೇಳಿ ನಿನ್ನ ಮುಖ ತಂದಾಕಿ ನಾ. ನಿನ್ನದು ನೀ ತಗೋ. ನನ್ನದು, ಎಷ್ಟೇ ಸುಟ್ಟಿರಲಿ, ನನಗ ಕೊಡು. ಅವ್ವ ಉಣ್ಣಲಿ.

ನಿನ್ನಿ ಈ ಕಾಗದ ಇಲ್ಲಿಗೇ ನಿಲ್ಲಿಸಿ ಪಾರ್ಲರಿಗಿ ಹೋಗಿದ್ದೆ. ಬರಕೋತ ಬರಕೋತ ಒಂದು ವಿಚಾರ ಹೊಳದಿತ್ತು. ರೆಪ್ಪಿ ಅಂಟಸೋ ಗೋಂದಿನಾಗ ತೆಳು ಕಾಗದ ಅದ್ದಿ ಕೆನ್ನಿ ಮ್ಯಾಲ ಸುಕ್ಕು ಸುಕ್ಕಾಗಿ ಕೂಡಿಸಿದೆ. ಒಣಗಿದ ಮ್ಯಾಲ ಕಂದು ಬಣ್ಣ, ಅಂಚಿಗಿ ಒಂದೀಟು ಕಾಡಿಗಿ. ಮಂದಿ ಕಲಿ ಮುಚ್ಚೋ ಕೈ ತನ್ನ ಕಲಿ ತಾನೇ ಬರಕೊಂಡಿತು. ಒಂದು ಮಾತು ಹೇಳತೀನಿ, ಕನ್ನಡಿಯಾಗಿನಾಕಿ ಕೆನ್ನಿ ಮಾತ್ರ ಭಾಳ ಹೊತ್ತು ನುಣ್ಣಗೇ ಇತ್ತು. ನಾ ಬರದು ಮುಗಿಸಿ ಕೈ ಕೆಳಗ ಇಟ್ಟ ಮ್ಯಾಲ ಆಕಿಗಿ ಬಂತು. ಕನ್ನಡಿಗಿ ಟಾವೆಲ್ ಹೊದಿಸಿ ಬಂದೆ. ಅವ್ವನ ಮುಂದ ಕುಂತು, ಆಕಿ ಕೈ ತಗೊಂಡು ಕೆನ್ನಿಗಿ ಇಟ್ಟುಕೊಂಡೆ. ಹೆಬ್ಬೆರಳು ಬರಿ ಹಿಡದು ಗಲ್ಲದ ತನಕ ಇಳೀತು. ‘ಎಲ್ಲಿ ಹೋಗಿದ್ದೀಲೇ ತಿಪ್ಪೀ’ ಅಂದಳು. ನಾ ಮುರದು ಕೊಟ್ಟ ರೊಟ್ಟಿ ಉಂಡಳು. ನಾ ಮಾರಿ ಹಿಂದ ಮಾಡಿಕೊಂಡು ಅತ್ತೆ. ಕಣ್ಣೀರು ಬಿದ್ರ ಬಣ್ಣ ಹೋಗತದಲ್ಲ.

ಇವತ್ತು ಮುಂಜಾನಿ ಹೊಸದು ಬರಕೊಳ್ಳಾಕ ಹಳೇದು ತೆಗೀಬೇಕಾಗಿತ್ತು. ಎಣ್ಣಿ ಹಚ್ಚಿ ಬಿಡಿಸಿದೆ. ಗೋಂದು ಬಂತು, ಕಾಗದ ಬಂತು, ಬಣ್ಣ ಬಂತು. ಕೆಳಗ ಬರಿ ಇತ್ತು. ಅದೇ ಜಾಗಾ, ಅದೇ ಉದ್ದ, ಅದೇ ಒರಟು. ಗೋಂದಿಗಿ ಹೊಸ ಚರ್ಮ ಸುಟ್ಟಿರಬೇಕು ಅಂತ ಬ್ಯಾಂಕಾಕಿನ ಡಾಕ್ಟರು ಅಂದಾರು. ಅನ್ನಲಿ. ಉರಿ ಇದ್ದಿಲ್ಲ, ನೋವು ಇದ್ದಿಲ್ಲ, ಸಣ್ಣ ಕೈ ಒಂದು ಸವರಿದಂಗ ತಣ್ಣಗಿತ್ತು.

ಹಂಗೇ, ಏನೂ ಬಳಕೊಳ್ಳದ ಮಾರಿಲೆ ಅಡಗಿ ಮನಿಗಿ ಹೋದೆ. ಅವ್ವ ಚಾ ಕೊಡೋಮುಂದ ಮುಟ್ಟಿದಳು, ಕೈ ತೆಗೆದಳು. ಬಿಸಿ ರೊಟ್ಟಿ ಹಾಕು ಅಂದಳು. ಉಣಕೋತ ಉಣಕೋತ ಬಾಗಿಲ ಕಡಿ ನೋಡಿ, ದನಿ ಸಣ್ಣ ಮಾಡಿ, ‘ಒಂದು ಪುಟ್ಟ ರೊಟ್ಟೀನೂ ಬಡಿ ತಿಪ್ಪೀ. ಖಾರ ಹಚ್ಚಬ್ಯಾಡ, ಕೂಸು ತಿಂತದ’ ಅಂದಳು. ಗೆಸ್ಟ್‌ಹೌಸಿನ ಬಟ್ಟಲದ ಮಾತು ನಾ ಯಾರ ಮುಂದೂ ಹೇಳಿಲ್ಲಕ್ಕಾ.

ಬಡದೆ. ಬೆಲ್ಲ ಹಚ್ಚಿ ಹೊಸ್ತಿಲ ಮ್ಯಾಲ ಇಟ್ಟೀನಿ, ಬಾಜೂಕ ಕೆಂಪು ಶರಬತ್ತು. ಬರೋ ಸೋಮವಾರ ಮಸರಕಲ್ಲಿಗಿ ಬಂದು ಬೇವಿನ ಬುಡಕ್ಕ ನಿನಗ ಒಂದು ಸಣ್ಣ ಮನಿ ಕಟ್ಟಿಸತೀನಿ. ಅಲ್ಲಿ ತನಕ ಇಲ್ಲೇ ಆಡಿಕೊಂಡಿರು. ಜಡಿ ಬಿಚ್ಚಿದ್ರ ಪಾರ್ಲರಿಗಿ ಬಾ, ರಿಬ್ಬನ್ ಹಾಕಿ ಹೆಣೀತೀನಿ. ಆದ್ರ ಅವ್ವ ಇರೋತನಕ ನನ್ನ ಕೈ ಹಿಡದು ಎಳೀಬ್ಯಾಡ. ಆಮ್ಯಾಲ ನೀ ಕರದ್ರ ನಾ ಗುರುತು ಮರೆಸಂಗಿಲ್ಲ, ಬರತೀನಿ.

ನೀ ಹೊಟ್ಟಿತುಂಬ ಉಂಡು ತಣ್ಣಗಿರು, ನನ್ನ ಕೂಸೇ.

ಒಂದು ಮರ ಜ್ವಾಳಕ್ಕ ಅವ್ವ ಕೊಂಡ ನಿನ್ನ ತಂಗಿ,
ತಿಪ್ಪಮ್ಮ