ಚೀಲದ ತೂಕ

ನಿಟ್ಟುವಳ್ಳಿ, ದಾವಣಗೆರೆ
೨೩-೧-೧೯೬೧, ಸೋಮವಾರ

ನನ್ನ ಮುದ್ದಿನ ತಮ್ಮ ತೋಟಪ್ಪಾ,

ನಿನ್ನ ಅಕ್ಕನ ಹರಕೆ ನಿನ್ನ ಮೇಲೆ ಸದಾ ಇರಲಿ. ಮೊಣಕಾಲು ನೋವು ಹೆಂಗಿದೆ? ಭದ್ರಾವತಿ ಕಾರ್ಖಾನೆಯ ಕುಲುಮೆ ಮುಂದೆ ನಿಂತು ನಿಂತು ಕಣ್ಣು ಉರಿಯುತ್ತವೆ ಅಂತ ಬರೆದಿದ್ದೆ. ಮಲಗುವಾಗ ರೆಪ್ಪೆಗೆ ಹರಳೆಣ್ಣೆ ಹಚ್ಚಿಕೋ, ನಾಚಿಕೆ ಬ್ಯಾಡ. ಪೈಲ್ವಾನನ ಕಣ್ಣಾದರೂ ಕಣ್ಣೇ ಅಲ್ಲವಾ? ಇಲ್ಲಿ ಶಿವನ ದಯದಿಂದ ಎಲ್ಲರೂ ಕ್ಷೇಮ. ಯಜಮಾನರ ಕೆಮ್ಮು ಇಳಿದಿದೆ, ಹತ್ತಿ ಮಂಡಿಗೆ ಹೋಗಿ ಬರುತ್ತಿದ್ದಾರೆ. ಈಗಷ್ಟೇ ಲಿಂಗಪೂಜೆ ಮುಗಿಸಿ ಕೂತೆ. ಸುಳ್ಳು ಯಾಕೆ ಹೇಳಲಿ, ಪೂಜೆಯಲ್ಲಿ ಮನಸ್ಸು ನಿಲ್ಲಲಿಲ್ಲ. ಅದಕ್ಕೇ ಈ ಕಾಗದ.

ನಿನ್ನ ಸೋದರಳಿಯ ವಾಮದೇವನ ಸುದ್ದಿ ಬರೆಯಬೇಕು. ದಸರೆಗೆ ಬಂದಾಗ ನಡುಮನೆಯಲ್ಲಿ ಕೂತು ನೀನು ಆಡಿದ್ದು ನೆನಪಿದೆಯಲ್ಲ? ಕಾಲೇಜಿನವರು ಹುಡುಗರನ್ನು ತೂಗಿ, ತೂಕಕ್ಕೆ ತಕ್ಕ ಗುಂಪು ಮಾಡಿ ಕುಸ್ತಿಗೆ ಬಿಡುತ್ತಾರೆ ಅಂದಾಗ ನೀನು ನಕ್ಕುಬಿಟ್ಟೆ. "ತಕ್ಕಡಿಯಾಗೆ ತೂಗೋದು ಮೆಣಸಿನಕಾಯಿ ಕಣಕ್ಕಾ, ಗಂಡಸನ್ನಲ್ಲ" ಅಂದೆ. ನಮ್ಮ ಹರಿಹರದ ಮನೆತನದಲ್ಲಿ ಸಣ್ಣ ತೂಕದ ಜೋಡಿ ಹಿಡಿದವರೇ ಇಲ್ಲ, ವಾಮು ಎಪ್ಪತ್ತಮೂರು ಕಿಲೋದ ಗುಂಪಿಗೇ ನಿಲ್ಲಬೇಕು, ತಿನ್ನಿಸು ಅಂದೆ. ಎಂಟು ವರ್ಷದವನನ್ನು ಕೈಹಿಡಿದು ಗರಡಿಮನೆಯ ಮಣ್ಣಿಗೆ ಇಳಿಸಿದವನು ನೀನು. ನಿನ್ನ ಮಾತು ಅವನಿಗೆ ಗುರುವಾಕ್ಯ. ನಾನೂ ಹಿಂದೆ ಮುಂದೆ ನೋಡದೆ ತಿನ್ನಿಸಿದೆ. ಬಾದಾಮಿ, ಗಟ್ಟಿ ಹಾಲು, ನೀನು ತಂದ ಡಬ್ಬಿ ತುಪ್ಪ. ನಮ್ಮ ಹರಿಹರೇಶ್ವರ ಒಂದೇ ಮೈಯಲ್ಲಿ ಇಬ್ಬರು ದೇವರಾಗಿ ಹೆಂಗೋ ನಿಂತಿದ್ದಾನೆ. ನಾನು ಒಂದೇ ಹುಡುಗನ ಮೈಯಲ್ಲಿ ಇಬ್ಬರು ಹುಡುಗರ ತುಪ್ಪ ತುಂಬಿದೆ, ಅವನು ಎಲ್ಲಿ ನಿಂತಾನು! ಕಾರ್ತಿಕದಲ್ಲಿ ಚಿತ್ರದುರ್ಗದಲ್ಲಿ ಹಿಡಿದ ಮೂರು ಕುಸ್ತಿಯೂ ಸೋತ. ನಿನಗೆ ಮಾತ್ರ "ಚೆನ್ನಾಗಿ ಆಡಿದೆ ಮಾವ" ಅಂತ ಕಾಗದ ಬರೆದ. ಆ ಸುಳ್ಳಿಗೆ ನಾನೇ ಅಂಚೆ ಚೀಟಿ ಅಂಟಿಸಿದ್ದು. ಕ್ಷಮಿಸು.

ಆಮೇಲೆ ಅವರ ವ್ಯಾಯಾಮದ ಮೇಷ್ಟ್ರು ಏಕಾಂತಪ್ಪನವರು ಮನೆಗೇ ಬಂದರು. ಮಜ್ಜಿಗೆ ಕುಡಿದು ಲೋಟ ಇಟ್ಟು, "ಅವ್ವಾರೆ, ಹುಡುಗನ ಮೈಯಾಗೆ ಬಲ ಐತ್ರಿ. ಆದ್ರೆ ಆ ಬಲದ ಮ್ಯಾಲೆ ನಿಮ್ಮ ತುಪ್ಪ ಕುಂತೈತ್ರಿ" ಅಂದರು. ನನಗೆ ನಗುವೂ ಬಂತು, ಅಳುವೂ ಬಂತು. ಎಪ್ಪತ್ತಮೂರರವರು ಹುಟ್ಟಾ ಎಲುಬಿನಿಂದ ದಪ್ಪ, ಇವನು ಬರೇ ಕೊಬ್ಬಿನಿಂದ. ಅರವತ್ತೇಳರ ಒಳಗೆ ಬಂದರೆ ಇವನ ಚುರುಕಿಗೆ ಯಾರೂ ಸಿಗುವುದಿಲ್ಲ ಅಂದರು. ಅವತ್ತಿನಿಂದ ರೊಟ್ಟಿ, ಕಾಳು ಪಲ್ಯ, ಮಜ್ಜಿಗೆ. ಬೆಳಗ್ಗೆ ಶಾಮನೂರಿನ ತನಕ ಓಡಿ ಬರುತ್ತಾನೆ. ಒಂದು ತಿಂಗಳಲ್ಲಿ ಸೊಂಟ ಸಡಿಲಾಯಿತು, ಉಸಿರು ಕೂಡಿತು. ನೀನು ಕಲಿಸಿದ ಆ ಕಾಲು ಎಳೆಯುವ ಪಟ್ಟು ಮತ್ತೆ ಬಂತು ಕಣೋ! ಹಿತ್ತಲಲ್ಲಿ ನನ್ನ ನೀರಿನ ಕೊಡದ ಮೇಲೂ ಹಾಕಿ ನೋಡುತ್ತಿದ್ದ.

ತೂಕ ನೋಡುವುದು ಎಲ್ಲಿ? ಮಂಡಿಯಲ್ಲಿ. ನಮ್ಮ ಮಂಡಿಯಲ್ಲಿ ತೂಕ ಮಾಡುವ ಬಕ್ಕೇಶಪ್ಪ ಗೊತ್ತಲ್ಲ, ಅವನು ಪ್ರತಿ ಶನಿವಾರ ಹತ್ತಿ ಚೀಲ ತೂಗುವ ದೊಡ್ಡ ತಕ್ಕಡಿಯಲ್ಲಿ ವಾಮುನನ್ನು ಕೂರಿಸಿ, ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಸಂಕ್ರಾಂತಿಯ ದಿನ "ಅರವತ್ತಾರೂವರೆ!" ಅಂತ ಕೂಗಿದ. ಅರ್ಧ ಕಿಲೋ ಜಾಗ ಇದೆಯಲ್ಲ ಅಂತ ನಾನೇ ಎರಡು ಶೇಂಗಾ ಹೋಳಿಗೆ ಬಡಿಸಿದೆ. ಮೊನ್ನೆ ಶನಿವಾರವೂ ಅಷ್ಟೇ ಅಂದ.

ನಿನ್ನೆ ಹರಿಹರದಲ್ಲಿ ಕಾಲೇಜುಗಳ ಪಂದ್ಯ. ಹೆಂಗಸರು ಕಣಕ್ಕೆ ಹೋಗುವುದುಂಟೇ, ನಾನು ಹರಿಹರೇಶ್ವರನ ಗುಡಿಯಲ್ಲಿ ಕಂಬಕ್ಕೆ ಒರಗಿ ಜಪ ಮಾಡುತ್ತಿದ್ದೆ. ಬಕ್ಕೇಶಪ್ಪ ಹಣೆ ಹಣೆ ಬಡಿದುಕೊಳ್ಳುತ್ತ ಬಂದ. ಅಲ್ಲಿನ ತೂಕದ ಕಾಟಾದಲ್ಲಿ ವಾಮು ಅರವತ್ತೆಂಟೂವರೆ! ಹೆಂಗಾಯಿತೋ ಅಂದರೆ, "ಅಕ್ಕಾರೆ, ಇಪ್ಪತ್ತು ವರ್ಷದ ಅಭ್ಯಾಸ ನೋಡ್ರಿ. ಹುಡುಗನಿಗೂ ಎರಡು ಕಿಲೋ ಚೀಲದ ತೂಕ ಕಳೆದೇ ಕೂಗಿಬಿಟ್ಟೆ!" ಅಂದ. ನೋಡು, ನನ್ನ ಮಗನನ್ನು ಗೋಣಿಚೀಲ ಮಾಡಿದ. ಬೈಯಬೇಕೆಂದು ಬಾಯಿ ತೆಗೆದರೆ, ಪಾಪ, ಅವನ ಕಣ್ಣಲ್ಲೇ ನೀರು.

ಇನ್ನೇನು, ಮತ್ತೆ ಎಪ್ಪತ್ತಮೂರರವರ ಜೊತೆಗೇ ಬಿಟ್ಟರು. ಎದುರಿಗೆ ಬಂದವನು ನಾಲ್ಕು ಕಿಲೋ ಜಾಸ್ತಿ. ಆದರೂ ಈ ಸಲ ಬೆನ್ನು ಮಣ್ಣಿಗೆ ಹತ್ತಲಿಲ್ಲ ತಮ್ಮಾ. ಕೊನೆಯ ಗಂಟೆ ಬಾರಿಸುವ ತನಕ ನಿಂತ, ಒಂದೇ ಒಂದು ಅಂಕದಲ್ಲಿ ಸೋತ. ಗೆದ್ದವನೇ ಏದುಸಿರು ಬಿಡುತ್ತ ಬಂದು, "ಮಾರಾಯಾ, ನಿನ್ನ ತೂಕದಾಗೆ ನಿಂತ್ಕೋ. ನಮ್ಮನ್ನ ಬಿಟ್ಟುಬಿಡು" ಅಂದನಂತೆ. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕಾ?

ಫೆಬ್ರವರಿ ಹನ್ನೆರಡನೇ ತಾರೀಕು ಭಾನುವಾರ ಇಲ್ಲಿ ದಾವಣಗೆರೆಯಲ್ಲೇ ಯೂನಿವರ್ಸಿಟಿ ತಂಡಕ್ಕೆ ಆರಿಸುತ್ತಾರೆ. ಒಂದು ಗುಂಪಿಗೆ ಒಬ್ಬನೇ. ವಾಮುಗೆ ಇದು ಕಾಲೇಜಿನ ಕೊನೆಯ ವರ್ಷ, ಇದು ತಪ್ಪಿದರೆ ಮುಗಿಯಿತು. ಇಳಿಯಬೇಕಾದ್ದು ಒಂದೂವರೆ ಕಿಲೋ, ದಿನ ಇಪ್ಪತ್ತು ಇವೆ. ಆಗುವ ಮಾತೇ. ನೀನು ಶನಿವಾರವೇ ಬಂದುಬಿಡು. ನೀನಿಲ್ಲದೆ ಅವನು ಕಣಕ್ಕೆ ಇಳಿದರೆ ನನ್ನ ಮನಸ್ಸೇ ತಡೆಯುವುದಿಲ್ಲ.

ಗುಡಿಯಿಂದ ತಂದ ಅಂಗಾರ ಕಾಗದದಲ್ಲಿ ಕಟ್ಟಿ ಇಟ್ಟಿದ್ದೇನೆ, ದಿನಾ ಹಣೆಗೆ ಹಚ್ಚಿಕೋ. ಮಕ್ಕಳಿಗೆ ಮುತ್ತು, ನಿನ್ನ ಹೆಂಡತಿ ಗುರುಶಾಂತಮ್ಮನಿಗೆ ಮುತ್ತೈದೆತನ ಗಟ್ಟಿಯಾಗಿರಲಿ ಅಂತ ಹರಸಿದೆನೆಂದು ಹೇಳು.

ನಿನ್ನ ಒಳ್ಳೆಯದನ್ನೇ ಬಯಸುವ ಅಕ್ಕ,
ಸರ್ವಮಂಗಳಮ್ಮ

ತಾ.ಕ.: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನಿನ್ನೆ ಬಸ್ಸಿನಲ್ಲಿ ವಾಮು ಕಿಟಕಿ ಕಡೆ ಮುಖ ಮಾಡಿಕೊಂಡು, "ಅವ್ವಾ, ಮಾವ ಬರ್ತಾನಲ್ಲ, ಅವನ ಕೈಯಾಗೆ ತುಪ್ಪದ ಡಬ್ಬಿ ಕಂಡ್ರೆ ನಾನು ಎಪ್ಪತ್ತಮೂರಕ್ಕೇ ನಿಲ್ತೀನಿ. ಅವನಿಗೆ ಎದುರು ಹೇಳಾಕೆ ನನ್ನ ಕೈಲಿ ಆಗಾಕಿಲ್ಲ" ಅಂದ. ತವರಿನವನಿಗೆ ಯಾವ ಅಕ್ಕನೂ ಹಿಂಗೆ ಬರೆದಿರಲಿಕ್ಕಿಲ್ಲ. ನಾನು ಬರೆಯುತ್ತೇನೆ: ಈ ಸಲ ಬರಿಗೈಯಲ್ಲಿ ಬಾ.