ನನ್ನ ಕೃತಜ್ಞತೆಯನ್ನು ದೂರೆಂದು ಓದಿಕೊಂಡ ಔಷಧ ಮಂಡಳಿಯ ಅಧ್ಯಕ್ಷರಿಗೆ

ಮಾನ್ಯರೇ,

ನೀವು ಕೇಳಿರುವ ಅಫಿಡವಿಟ್ಟನ್ನು ನಾನು ಬರೆದುಕೊಡುವುದಿಲ್ಲ. ಓದುತ್ತ ಹೋಗಿ ಕೊನೆಗೆ ಬೇಸರವಾಗುವುದು ಬೇಡವೆಂದು ಮೊದಲೇ ಹೇಳಿಬಿಟ್ಟಿದ್ದೇನೆ. ನಮ್ಮ ಗ್ರೇಲಿಂಗ್ ಊರಿನ ಒಂದೇ ಒಂದು ಔಷಧ ಅಂಗಡಿಯನ್ನು ನಡೆಸುವ ಕೊರೀನ್ ಬೌಮನ್, ಜನವರಿಯ ಒಂದು ಶುಕ್ರವಾರ ನನ್ನ ಗಂಡ ಡೆಲ್ಮರ್‌ನ ಮೂಗಿಗೆ ಹತ್ತಿಯ ಕಡ್ಡಿ ಹಾಕಿ ಪರೀಕ್ಷೆ ಮಾಡಿದಳು, ವೈದ್ಯರ ಚೀಟಿಯಿಲ್ಲದೆ ಫ್ಲೂ ಔಷಧ ಕೊಟ್ಟಳು. ಈ ಅಪರಾಧಕ್ಕಾಗಿ ಬರುವ ತಿಂಗಳು ಹದಿನಾಲ್ಕರಂದು ಅವಳ ವಿಚಾರಣೆ. ಪರವಾನಗಿ ಒಂದು ವರ್ಷ ಅಮಾನತಾಗಬಹುದು ಎಂದು ನಿಮ್ಮ ನೋಟಿಸು ಹೇಳುತ್ತದೆ. ಅದೇ ನೋಟಿಸಿನಲ್ಲಿ 'ದೂರಿನ ಮೂಲ: ಶ್ರೀಮತಿ ಆರ್ಡಿಸ್ ಹಾಗನ್ ಅವರ ಪ್ರಕಟಿತ ಹೇಳಿಕೆ' ಎಂದೂ ಇದೆ. ನಾನು ಯಾವಾಗ ದೂರು ಕೊಟ್ಟೆ ಮಾನ್ಯರೇ? ನಾನು ಕೊಟ್ಟದ್ದು ಧನ್ಯವಾದ.

ನೀವು ದೊಡ್ಡ ಊರಿನವರು, ನಮ್ಮ ಕಡೆಯ ಪದ್ಧತಿ ನಿಮಗೆ ತಿಳಿಯದಿರಬಹುದು. ನಮ್ಮ ವಾರಪತ್ರಿಕೆಯ ಕೊನೆಯ ಪುಟದಲ್ಲಿ, ಹುಲ್ಲಿನ ಸಿವುಡು ಮಾರಾಟಕ್ಕಿದೆ ಎಂಬ ಜಾಹೀರಾತುಗಳ ಪಕ್ಕ, ಧನ್ಯವಾದದ ಅಂಕಣ ಬರುತ್ತದೆ. ಮನೆಯಲ್ಲಿ ಸಾವಾಗಲಿ, ಕಾಯಿಲೆಯಾಗಲಿ, ಕೊಟ್ಟಿಗೆಗೆ ಬೆಂಕಿ ಬೀಳಲಿ, ಸಹಾಯಕ್ಕೆ ಬಂದವರ ಹೆಸರನ್ನೆಲ್ಲ ಅಲ್ಲಿ ಬರೆಯಬೇಕು. ಒಬ್ಬರದು ಬಿಟ್ಟುಹೋಯಿತೋ, ಮುಗಿಯಿತು. ನನ್ನ ಅತ್ತೆ ತೀರಿಕೊಂಡಾಗ ಹಂದಿಮಾಂಸದ ಸ್ಯಾಂಡ್‌ವಿಚ್ ತಂದಿದ್ದ ನೆರೆಯವಳ ಹೆಸರು ನನ್ನ ಕೈತಪ್ಪಿ ಬಿಟ್ಟುಹೋಗಿತ್ತು. ಮೂರು ವರ್ಷ ಅವಳು ಚರ್ಚಿನಲ್ಲಿ ನನಗೆ ಬೆನ್ನು ತೋರಿಸಿ ಕೂತಳು. ಅಂದಿನಿಂದ ನಾನು ಯಾರ ಹೆಸರನ್ನೂ, ಯಾರ ಉಪಕಾರವನ್ನೂ ಒಂದು ಚೂರೂ ಬಿಡದೆ ಬರೆಯುತ್ತೇನೆ. ಆ ಅಭ್ಯಾಸವೇ ಈಗ ಕೊರೀನಳ ಕುತ್ತಿಗೆಗೆ ಬಂದಿದೆ.

ಮೊದಲಿನಿಂದ ಹೇಳುತ್ತೇನೆ. ನಿಮ್ಮ ನಿಯಮದ ಪ್ರಕಾರ ಔಷಧ ಅಂಗಡಿಯವರು ಲಸಿಕೆ ಹಾಕಬೇಕಾದರೆ, ಪರೀಕ್ಷೆ ಮಾಡಬೇಕಾದರೆ, ಒಬ್ಬ ವೈದ್ಯರು ಸಹಿ ಮಾಡಿದ ಒಪ್ಪಂದದ ಕಾಗದ ಗೋಡೆಯ ಮೇಲಿರಬೇಕು. ಹದಿನಾರು ವರ್ಷ ನಮ್ಮ ಡಾಕ್ಟರ್ ಸೆವರ್ಸನ್ ಸಹಿ ಹಾಕಿಕೊಟ್ಟರು. ಹೋದ ಸೆಪ್ಟೆಂಬರ್ ಹನ್ನೊಂದಕ್ಕೆ ಆ ಪುಣ್ಯಾತ್ಮರು ತೀರಿಕೊಂಡರು. ಹನ್ನೆರಡನೆಯ ತಾರೀಖಿನಿಂದ ಕೊರೀನ್ ಯಾರನ್ನೂ ಮುಟ್ಟುವಂತಿರಲಿಲ್ಲ. ಹದಿನಾರು ವರ್ಷ ನಮ್ಮ ತೋಳಿಗೆ ಸೂಜಿ ಹಾಕಿದವಳಿಗೆ ಒಂದೇ ರಾತ್ರಿಗೆ ವಿದ್ಯೆ ಮರೆತುಹೋಯಿತೇ? ಅಥವಾ ಅಷ್ಟೂ ವರ್ಷ ಸೂಜಿ ಹಿಡಿದದ್ದು ಡಾಕ್ಟರ ಸಹಿಯೇ? ಅವಳು ಮೂರು ಆಸ್ಪತ್ರೆಗಳಿಗೆ ಪತ್ರ ಬರೆದಳು. ನಮ್ಮ ವಕೀಲರನ್ನು ಕೇಳಬೇಕು ಎಂದು ಒಂದರವರು ಹೇಳಿದರು, ಉಳಿದೆರಡು ಉತ್ತರವನ್ನೇ ಕೊಡಲಿಲ್ಲ. ನಿಮ್ಮ ಮಂಡಳಿಗೂ ಬರೆದಳು. ಮುಂದಿನ ಸಭೆಯಲ್ಲಿ ಪರಿಶೀಲಿಸಲಾಗುವುದು ಎಂದು ನೀವು ಬರೆದಿರಿ. ನಿಮ್ಮ ಸಭೆ ಮೂರು ತಿಂಗಳಿಗೊಮ್ಮೆ.

ಪ್ರತಿ ಅಕ್ಟೋಬರ್‌ನಲ್ಲಿ, ದನದ ದೊಡ್ಡ ಹರಾಜಿನ ದಿನ, ಹರಾಜುಕಟ್ಟೆಯ ಹೋಟೆಲಿನ ಮೂಲೆ ಮೇಜಿನಲ್ಲಿ ಕೊರೀನ್ ಕೂರುತ್ತಿದ್ದಳು. ಸುತ್ತಲ ಅರವತ್ತು ಮೈಲಿಯ ಜನ ಒಟ್ಟಿಗೆ ಸಿಗುವುದು ಆವತ್ತೊಂದೇ ದಿನ. ಕಾಫಿ ಕುಡಿ, ತೋಳು ಚಾಚು, ಫ್ಲೂ ಲಸಿಕೆ ಹಾಕಿಸಿಕೋ, ಹಣ್ಣಿನ ಕಡುಬು ತಿನ್ನು. ಈ ಸಲ ಆ ಮೇಜು ಖಾಲಿ ಇತ್ತು. ಆದರೆ ನೋಡಿ, ಅದೇ ಹರಾಜುಕಟ್ಟೆಯ ಎದುರಿನ ಮೇವಿನ ಅಂಗಡಿಯಲ್ಲಿ ಕರುಗಳ ಲಸಿಕೆ ಧಾರಾಳವಾಗಿ ಮಾರಾಟವಾಗುತ್ತಿತ್ತು. ವರ್ಷಕ್ಕೆ ಇನ್ನೂರು ಕರುಗಳಿಗೆ ನಾನೇ ಚುಚ್ಚುತ್ತೇನೆ, ಒಂದು ಕೈಯಲ್ಲಿ ಸಿರಿಂಜು, ಇನ್ನೊಂದು ಕೈಯಲ್ಲಿ ಕಿವಿ. ನಾನು ಓದಿದ್ದು ಹೈಸ್ಕೂಲು. ಇವತ್ತಿನವರೆಗೆ ಯಾವ ಮಂಡಳಿಯೂ ನನ್ನನ್ನು ಕರೆಸಿ ವಿಚಾರಿಸಿಲ್ಲ. ಔಷಧಶಾಸ್ತ್ರದಲ್ಲಿ, ಹೆಸರಿನ ಹಿಂದೆ ಡಾಕ್ಟರ್ ಎಂದು ಹಾಕಿಕೊಳ್ಳುವಷ್ಟು ಓದಿದ ಕೊರೀನ್ ಮಾತ್ರ ನನ್ನ ಗಂಡನ ತೋಳು ಮುಟ್ಟಬಾರದು. ನಿಮ್ಮ ರಾಜ್ಯದಲ್ಲಿ ಕರುವಾಗಿ ಹುಟ್ಟಿದ್ದರೆ ಡೆಲ್ಮರ್‌ಗೆ ಲಸಿಕೆ ಸಿಗುತ್ತಿತ್ತು ಸ್ವಾಮಿ.

ತೊಂಬತ್ತನಾಲ್ಕು ಮೈಲಿ ದೂರದ ಆಸ್ಪತ್ರೆಗೆ ಹೋಗಿ ಹಾಕಿಸಿಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಕೇಳಿ, ಕೇಳಲೇಬೇಕು. ಹೋಗಬಹುದಿತ್ತು. ಹೋಗಲಿಲ್ಲ. ಕರುಗಳನ್ನು ತಾಯಿಯಿಂದ ಬಿಡಿಸುವ ಕಾಲ ಅದು. ಈ ವಾರ ಆಗಲಿ, ಮುಂದಿನ ವಾರ ಆಗಲಿ ಎನ್ನುತ್ತ ಹಿಮ ಬಿತ್ತು. ಅದು ನಮ್ಮ ತಪ್ಪು, ಒಪ್ಪಿಕೊಳ್ಳುತ್ತೇನೆ. ಎಪ್ಪತ್ತೆಂಟು ವರ್ಷದ, ಅರ್ಧ ಶ್ವಾಸಕೋಶವನ್ನು ಹುಲ್ಲಿನ ಧೂಳಿಗೆ ಕೊಟ್ಟ ಗಂಡನನ್ನು ಇಟ್ಟುಕೊಂಡು ನಾನು ಹಾಗೆ ಉದಾಸೀನ ಮಾಡಬಾರದಿತ್ತು.

ಜನವರಿಯ ಆ ಗುರುವಾರ ಬೆಳಿಗ್ಗೆ ಅವನಿಗೆ ಜ್ವರ ಬಂತು. ಶುಕ್ರವಾರಕ್ಕೆ ನೂರಮೂರು ಡಿಗ್ರಿ, ತುಟಿಯ ಬಣ್ಣವೇ ಸರಿ ಇರಲಿಲ್ಲ. ಹೊರಗೆ ಬಿರುಗಾಳಿ, ಹಿಮ ಬಿದ್ದಾಗ ಹೆದ್ದಾರಿಗೆ ಅಡ್ಡ ಹಾಕುವ ಗೇಟು ಮುಚ್ಚಿತ್ತು, ಆಸ್ಪತ್ರೆಯ ಹೆಲಿಕಾಪ್ಟರ್ ಏಳುವಂತಿರಲಿಲ್ಲ. ಆಸ್ಪತ್ರೆಗೆ ಫೋನ್ ಮಾಡಿ ಐವತ್ತು ನಿಮಿಷ ಸಂಗೀತ ಕೇಳಿದೆ. ಕೊನೆಗೆ ಸಿಕ್ಕ ನರ್ಸು ಪಾಪ ಒಳ್ಳೆಯವಳು.

"ಫ್ಲೂ ಇರಬಹುದು ಕಣ್ರೀ. ಆದ್ರೆ ಡಾಕ್ಟರು ನೋಡದೆ ಔಷಧ ಬರೆಯಲ್ಲ. ಸೋಮವಾರ ನಿಮಗೆ ಫೋನ್ ಮಾಡ್ತಾರೆ."

"ಆ ಔಷಧ ಎರಡು ದಿನದೊಳಗೆ ಶುರು ಮಾಡ್ಬೇಕು ಅಂತಾರಲ್ಲಮ್ಮ?"

"ಹೌದು," ಎಂದಳು. ನಾನು ಫೋನ್ ಇಟ್ಟೆ.

ನಾನು ಡೆಲ್ಮರ್‌ನನ್ನು ಎರಡು ಕಂಬಳಿಯಲ್ಲಿ ಸುತ್ತಿ ಟ್ರ್ಯಾಕ್ಟರಿನ ಗೂಡಿನಲ್ಲಿ ಕೂರಿಸಿಕೊಂಡು, ಮುಂದಿನ ಬಕೆಟ್ಟಿನಿಂದ ಹಿಮ ತಳ್ಳುತ್ತ ನಾಲ್ಕು ಮೈಲಿ ಊರಿಗೆ ಬಂದೆ. ಮಧ್ಯಾಹ್ನ ಎರಡು ಗಂಟೆ. ಕೊರೀನ್ ಬಾಗಿಲಲ್ಲೇ ಅವನ ಉಸಿರಿನ ಸದ್ದು ಕೇಳಿದಳು. ತಿನ್ನುತ್ತಿದ್ದ ಊಟ ಅಲ್ಲೇ ಬಿಟ್ಟಳು. ಬೆರಳಿಗೆ ಯಂತ್ರ ಹಾಕಿ ರಕ್ತದ ಆಮ್ಲಜನಕದ ಮಟ್ಟ ನೋಡಿದಳು. ಫ್ಲೂ ಪರೀಕ್ಷೆಯ ಡಬ್ಬಿ ಅವಳ ಕಪಾಟಿನಲ್ಲೇ ಇತ್ತು. ಅದನ್ನು ಅವಳು ನನಗೆ ಮಾರಬಹುದು, ನಾನು ಮನೆಗೆ ಒಯ್ದು ಗಂಡನ ಮೂಗಿಗೆ ತುರುಕಬಹುದು. ಅದಕ್ಕೆ ನಿಮ್ಮ ಅಭ್ಯಂತರವಿಲ್ಲ. ಅವಳು ತುರುಕಿದರೆ ಕಾನೂನು ಮುರಿಯುತ್ತದೆ. ಔಷಧವೂ ಅವಳ ಬೆನ್ನ ಹಿಂದೆ, ಮೂರಡಿ ದೂರದಲ್ಲಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗಾಗಿತ್ತು ನಮ್ಮ ಸ್ಥಿತಿ.

"ಡೆಲ್ಮರ್, ಇದು ನಾನು ಮಾಡಬಾರದ ಕೆಲಸ," ಎಂದಳು, ಕೈಗೆ ಗವಸು ಹಾಕಿಕೊಳ್ಳುತ್ತ.

"ಹಂಗಾದ್ರೆ ಬೇಡ ಬಿಡಮ್ಮ," ಎಂದ ನನ್ನ ಗಂಡ, ಕೆಮ್ಮಿನ ನಡುವೆ. "ನಿನಗ್ಯಾಕೆ ತೊಂದರೆ."

"ಸುಮ್ನೆ ತಲೆ ಮೇಲೆತ್ತಿ. ನಿಮ್ಮ ಸಲಹೆ ಯಾರು ಕೇಳಿದ್ರು?"

ಹದಿನೈದು ನಿಮಿಷಕ್ಕೆ ಫ್ಲೂ ಎಂದು ಗೊತ್ತಾಯಿತು. ಆಮೇಲೆ ಅವಳು ಮಾಡಿದ ಇನ್ನೊಂದು ಕೆಲಸವನ್ನು ನಿಮ್ಮ ನೋಟಿಸು ಹೇಳುವುದಿಲ್ಲ. ಡೆಲ್ಮರ್‌ನ ಮೂತ್ರಪಿಂಡ ಸೊರಗಿದೆಯೆಂದು ಅವಳಿಗೆ ಗೊತ್ತಿತ್ತು. ಅವನ ಮಾತ್ರೆಗಳನ್ನೆಲ್ಲ ಹತ್ತು ವರ್ಷದಿಂದ ಕಟ್ಟಿಕೊಡುವವಳು ಅವಳೇ. ಹಳೆಯ ರಕ್ತಪರೀಕ್ಷೆಯ ಚೀಟಿ ತೆಗೆದು, ಲೆಕ್ಕ ಹಾಕಿ, ಔಷಧದ ಪ್ರಮಾಣವನ್ನು ಅರ್ಧಕ್ಕೆ ಇಳಿಸಿದಳು. ತಾನು ಮಾಡಿದ್ದನ್ನೆಲ್ಲ ತನ್ನ ಪುಸ್ತಕದಲ್ಲಿ ಗಂಟೆ ನಿಮಿಷ ಸಮೇತ ಬರೆದಿಟ್ಟಳು. ರಸ್ತೆ ತೆಗೆದ ಕೂಡಲೇ ಆಸ್ಪತ್ರೆಗೆ ಹೋಗಲೇಬೇಕೆಂದು ನನ್ನಿಂದ ಮಾತು ತೆಗೆದುಕೊಂಡಳು. ಯಾರಿಗೂ ಹೇಳಬೇಡಿ ಎಂದು ಮಾತ್ರ ಅವಳು ಹೇಳಲಿಲ್ಲ. ಹೇಳಿದ್ದರೆ ಎಷ್ಟು ಚೆನ್ನಾಗಿತ್ತು!

ಮಂಗಳವಾರ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಔಷಧದ ಡಬ್ಬಿ ತಿರುಗಿಸಿ ನೋಡಿ, "ಇದನ್ನೇ ಮುಂದುವರಿಸಿ. ಸೋಮವಾರದವರೆಗೆ ಕಾದಿದ್ರೆ ಇವರನ್ನ ನೀವು ಬೇರೆ ಥರ ಕರ್ಕೊಂಡು ಬರಬೇಕಾಗ್ತಿತ್ತು," ಎಂದರು. ಆ ಮಾತು ಕೇಳಿ ನಾನು ಮನೆಗೆ ಬಂದವಳೇ ಧನ್ಯವಾದ ಬರೆಯಲು ಕೂತೆ. ಹಿಮ ತೆಗೆದುಕೊಟ್ಟವರಿಗೆ, ದನಕ್ಕೆ ಮೇವು ಹಾಕಿದವರಿಗೆ, ಸಾರು ತಂದವರಿಗೆ. ಮತ್ತು 'ಶುಕ್ರವಾರ ಮಧ್ಯಾಹ್ನ ಎರಡಕ್ಕೆ, ಊಟ ಬಿಟ್ಟು, ವೈದ್ಯರ ಚೀಟಿಗೂ ಕಾಯದೆ, ತಾನೇ ಪರೀಕ್ಷಿಸಿ ತಾನೇ ಔಷಧ ಕೊಟ್ಟು ನನ್ನ ಗಂಡನನ್ನು ಉಳಿಸಿದ ಕೊರೀನ್ ಬೌಮನ್‌ಗೆ.' ಎಷ್ಟು ಹೆಮ್ಮೆಯಿಂದ ಬರೆದೆ ಗೊತ್ತೇ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ರಾಜಧಾನಿಯಲ್ಲಿ ಯಾರು ನಮ್ಮ ಪತ್ರಿಕೆ ಓದುತ್ತಾರೋ ನನಗೆ ತಿಳಿಯದು. ನಿಮ್ಮ ಕಚೇರಿಗೆ ಅದನ್ನು ಕತ್ತರಿಸಿ ಕಳಿಸುವಷ್ಟು ಪುರುಸೊತ್ತು ಯಾರಿಗೋ ಇತ್ತು.

ನೋಟಿಸು ಬಂದ ದಿನ ಕೊರೀನ್ ನನ್ನನ್ನು ಒಳಗೆ ಕರೆದು ಕಾಗದ ತೋರಿಸಿದಳು.

"ಎಲ್ಲಾ ಬರೆದುಬಿಟ್ಟಿದ್ದೀರಲ್ರೀ ಆರ್ಡಿಸ್. ಹೊತ್ತು ಸಮೇತ."

"ಹೊತ್ತು ಯಾಕೆ ಹಾಕಿದೆ ಅಂದ್ರೆ, ಊಟದ ಹೊತ್ತಲ್ಲೂ ನೀನು ಬಿಟ್ಟು ಬಂದೆ ಅಂತ ಜನಕ್ಕೆ ಗೊತ್ತಾಗ್ಲಿ ಅಂತ."

ಅವಳು ನಕ್ಕಳು. ನಗುತ್ತ ನಗುತ್ತಲೇ ಅತ್ತಳು. "ನನ್ನ ಪುಸ್ತಕದಲ್ಲೂ ಅದೇ ಹೊತ್ತಿದೆ ಬಿಡಿ. ನಮ್ಮಿಬ್ಬರಿಗೂ ಸುಳ್ಳು ಹೇಳೋಕೆ ಬರಲ್ಲ," ಎಂದಳು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ನಿದ್ದೆ ಬರುತ್ತಿತ್ತು.

ಆಮೇಲೆ ನಿಮ್ಮ ತನಿಖಾಧಿಕಾರಿ ನಮ್ಮ ಮನೆಗೇ ಬಂದರು. ಮರ್ಯಾದಸ್ಥ ಮನುಷ್ಯ, ಬಾಗಿಲಲ್ಲೇ ಬೂಟು ಬಿಚ್ಚಿದರು. ಕಾಫಿ ಕೊಟ್ಟೆ, ಬಾದಾಮಿ ಬ್ರೆಡ್ಡು ಕೊಟ್ಟೆ. ಅವರು ಅಫಿಡವಿಟ್ಟಿನ ನಮೂನೆ ಮೇಜಿನ ಮೇಲೆ ಹರಡಿದರು.

"ಪತ್ರಿಕೇಲಿ ಬರೆದದ್ದನ್ನೇ ಇಲ್ಲಿ ಬರೆದು ಸಹಿ ಹಾಕಿದ್ರೆ ಸಾಕು ಮೇಡಂ. ಬೇರೇನೂ ಹೇಳ್ಬೇಕಾಗಿಲ್ಲ."

"ಬಿರುಗಾಳಿ ಇತ್ತು ಅಂತ ಬರೀಲಾ?"

"ಅದು ಪ್ರಕರಣಕ್ಕೆ ಸಂಬಂಧಪಟ್ಟಿದ್ದಲ್ಲ."

ಒಳಗಿನ ಕೋಣೆಯಿಂದ ಡೆಲ್ಮರ್ ಕೂಗಿದ: "ಆವತ್ತು ಶುಕ್ರವಾರ ಅವರ ಆಫೀಸು ತೆಗೆದಿತ್ತಾ ಕೇಳೇ!"

ಅಧಿಕಾರಿ ಕಾಫಿ ಲೋಟದೊಳಗೆ ನೋಡುತ್ತ, "ಹವಾಮಾನದ ಕಾರಣ ರಜೆ ಘೋಷಿಸಿದ್ರು," ಎಂದರು. ಮಾನ್ಯರೇ, ಗಾಳಿಗೆ ಹೆದರಿ ನಿಮ್ಮ ಕಚೇರಿ ಬಾಗಿಲು ಹಾಕಿದ ದಿನ ಬಾಗಿಲು ತೆರೆದಿಟ್ಟುಕೊಂಡು ಕೂತಿದ್ದವಳನ್ನು ನೀವು ವಿಚಾರಣೆಗೆ ಕರೆದಿದ್ದೀರಿ. ನಿಮಗೆ ನಾಚಿಕೆಯಾಗುವುದಿಲ್ಲವೇ?

ಔಷಧ ಅಂಗಡಿಯವರು ವೈದ್ಯರಲ್ಲ, ರೋಗ ಗುರುತಿಸುವುದು ವೈದ್ಯರ ಕೆಲಸ ಎಂದು ನಿಮ್ಮ ನಿಯಮದ ಪೀಠಿಕೆಯಲ್ಲಿ ಬರೆದಿದೆ. ನಿಜವೇ. ಯಾರು ಬೇಕಾದರೂ ಯಾವ ಔಷಧ ಬೇಕಾದರೂ ಹಂಚಲಿ ಎಂದು ನಾನು ಕೇಳುತ್ತಿಲ್ಲ, ನನಗೂ ಬುದ್ಧಿಯಿದೆ. ಆದರೆ ಎರಡು ವರ್ಷದ ಹಿಂದೆ ನಮ್ಮ ಶಾಲೆಯ ಬಸ್ಸು ಓಡಿಸುವ ರಾಯ್ಸ್ ಎದೆಯುರಿ ಎಂದು ಮಾತ್ರೆ ಕೇಳಲು ಹೋದಾಗ, ಮಾತ್ರೆ ಕೊಡದೆ, ಜಗಳವಾಡಿ, ಅವನ ಟ್ರಕ್ಕಿನ ಬೀಗದಕೈ ಕಿತ್ತುಕೊಂಡು ಆಂಬುಲೆನ್ಸ್ ಕರೆಸಿದವಳು ಇದೇ ಕೊರೀನ್. ಅವನಿಗೆ ಆಗಿದ್ದು ಹೃದಯಾಘಾತ. ತನ್ನ ಮಿತಿ ಅವಳಿಗೆ ಗೊತ್ತು. ಆ ಮಿತಿಯ ಗೆರೆಯನ್ನು ಅವಳ ಕೆಲಸವೇ ಕಾಣದಷ್ಟು ದೂರದಲ್ಲಿ ಕೂತ ನೀವು ಎಳೆಯುತ್ತಿದ್ದೀರಿ. ನಮ್ಮ ಇಡೀ ಜಿಲ್ಲೆಯಲ್ಲಿ ಇವತ್ತು ಒಬ್ಬ ವೈದ್ಯನೂ ಇಲ್ಲ. ವೈದ್ಯರನ್ನು ಕಳಿಸುವುದು ನಿಮ್ಮ ಕೈಲಾಗದು, ಇರುವ ಒಬ್ಬಳನ್ನು ಕಟ್ಟಿಹಾಕುವುದು ಮಾತ್ರ ಬಹಳ ಚೆನ್ನಾಗಿ ಬರುತ್ತದೆ. ಅವಳ ಅಂಗಡಿ ಒಂದು ವರ್ಷ ಮುಚ್ಚಿದರೆ ಮತ್ತೆ ತೆರೆಯುವುದಿಲ್ಲ. ಇನ್ಸುಲಿನ್ ತರಲು ನಾವು ತೊಂಬತ್ತನಾಲ್ಕು ಮೈಲಿ ಹೋಗಬೇಕು, ಗೇಟು ತೆರೆದಿದ್ದರೆ.

ಆದ್ದರಿಂದ ನನ್ನ ಬೇಡಿಕೆ ಕೇಳಿ. ಬೇಡಿಕೆಯೆಂದರೆ ಬೇಡುವುದಲ್ಲ. ಕೊರೀನಳ ಮೇಲಿನ ಪ್ರಕರಣ ಕೈಬಿಡಿ. ವೈದ್ಯರಿಲ್ಲದ ಜಿಲ್ಲೆಗಳಲ್ಲಿ ಔಷಧ ಅಂಗಡಿಯವರು ಲಸಿಕೆ ಹಾಕಲು, ಫ್ಲೂ, ಗಂಟಲುನೋವಿನಂಥವನ್ನು ಪರೀಕ್ಷಿಸಿ ಔಷಧ ಕೊಡಲು ನೀವೇ ಆದೇಶ ಹೊರಡಿಸಿ. ಒಬ್ಬ ಮುದುಕ ಡಾಕ್ಟರು ಸತ್ತರೆ ಊರಿಗೆ ಊರೇ ಅನಾಥವಾಗುವಂಥ ನಿಯಮವನ್ನು ಕಿತ್ತುಹಾಕಿ. ಹಾಗೆ ಮಾಡಲು ಮನಸ್ಸಿಲ್ಲದಿದ್ದರೆ ವಿಚಾರಣೆಯನ್ನು ಮುಚ್ಚಿದ ಕೋಣೆಯಲ್ಲಿ ಮಾಡಬೇಡಿ, ನಾವು ಬರುತ್ತೇವೆ. ಹದಿನಾಲ್ಕನೆಯ ತಾರೀಖು ನಮ್ಮಲ್ಲಿ ತಿಂಗಳ ಸಣ್ಣ ಹರಾಜಿನ ದಿನ. ಈ ಸಲ ಹರಾಜನ್ನೇ ಮುಂದಕ್ಕೆ ಹಾಕಿದ್ದೇವೆ. ಮೂರು ಬಸ್ಸು ಹೊರಡುತ್ತವೆ, ಒಂದನ್ನು ರಾಯ್ಸ್ ಓಡಿಸುತ್ತಾನೆ.

ನಿಮ್ಮ ನಮೂನೆ ಇನ್ನೂ ನಮ್ಮ ಅಡಿಗೆಮನೆಯ ಮೇಜಿನ ಮೇಲೇ ಇದೆ. ಅದರ ಏಳನೆಯ ಅಂಕಣದಲ್ಲಿ 'ಹಾನಿಗೊಳಗಾದ ವ್ಯಕ್ತಿಯ ಹೆಸರು' ಎಂದು ಕೇಳಿದ್ದೀರಿ. ನಿನ್ನೆ ಡೆಲ್ಮರ್ ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಓದಿದ. "ಇದು ನಾನೇ ಅಲ್ವೇನೇ?" ಎಂದು ಕೇಳಿ, ಪೆನ್ನು ತೆಗೆದುಕೊಂಡು, ತನ್ನ ಹೆಸರನ್ನು ದಪ್ಪಕ್ಷರದಲ್ಲಿ ತುಂಬಿದ. ಉಳಿದ ಅಂಕಣಗಳು ಖಾಲಿ ಇವೆ, ಖಾಲಿಯೇ ಇರುತ್ತವೆ. ಹದಿನಾಲ್ಕರಂದು ಅವನು ಆ ಕಾಗದ ಹಿಡಿದುಕೊಂಡು ನಿಮ್ಮ ಮುಂದಿನ ಸಾಲಿನಲ್ಲಿ ಉಸಿರಾಡುತ್ತ ಕೂತಿರುತ್ತಾನೆ. ಅವನಿಗೆ ಆದ ಹಾನಿ ಎಲ್ಲಿದೆಯೆಂದು ಬೆರಳಿಟ್ಟು ತೋರಿಸಿ. ಆಮೇಲೆ ಕೊರೀನಳ ಪರವಾನಗಿಗೆ ಕೈಹಾಕಿ.

ಇಂತಿ,
ನಿಮ್ಮ ಪಾಲಿನ ಏಕೈಕ ಸಾಕ್ಷಿ, ನಿಮಗೆ ಯಾವ ಉಪಯೋಗಕ್ಕೂ ಬಾರದವಳು, ಇನ್ನೂ ವಿಧವೆಯಾಗದವಳು,
ಆರ್ಡಿಸ್ ಹಾಗನ್
ಗ್ರೇಲಿಂಗ್